ಕಣ್ಣಿಯ ಎರಡು ತುದಿ

ಮೊನ್ನೆ ಅಂಚೆಯಲ್ಲಿ ಬಂದ ಮದುವೆಯ ಕರೆಯೋಲೆಯೊಂದರ ಕೊನೆಯಲ್ಲಿ, ಅಂಥ ಎಲ್ಲ ಕರೆಯೋಲೆಗಳಲ್ಲಿರುವಂತೆಯೇ, ನಾವು ‘ಸಕುಟುಂಬ ಪರಿವಾರ ಸಮೇತರಾಗಿ’ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕೆಂಬ ವಿಜ್ಞಾಪನೆಯಿತ್ತು. ಹುಬ್ಬಳ್ಳಿಯಲ್ಲಿ ನೆಲೆಸಿರುವ ನನ್ನ ಸೋದರಳಿಯನು ಈ ಮಾತನ್ನು ಮುದ್ರಣಾಲಯದವರ ರೂಢಿಯಂತೆ ಹಾಕಿಸಿದನೇ ಹೊರತು ಅದರ ಅರ್ಥವ್ಯಾಪ್ತಿಯನ್ನು ಚಿಂತಿಸಿ ಹಾಕಿಸಿದನೆಂದು ತೋರುವುದಿಲ್ಲ. ನಮ್ಮ ಕುಟುಂಬವೇನೋ ಸಣ್ಣದು. ಮಕ್ಕಳು ರೆಕ್ಕೆ ಬಲಿತು ಊರೂರು ಸೇರಿದ ಮೇಲೆ ಉಳಿದವರು ನಾನು ಮತ್ತು ನನ್ನ ಮನೆಯವಳು, ಇಬ್ಬರೇ. ಆದರೆ ಪರಿವಾರವೆಂದೊಡನೆ ಲೆಕ್ಕ ಬೆಳೆಯುತ್ತದೆ: ಕೊಟ್ಟಿಗೆಯಲ್ಲಿ ಕಾಳಿ, ಅವಳ ಮಗಳು ಚುಕ್ಕಿ, ಹಾಲಿನ ನಂಬುಗೆಗೆಂದು ಹೋದ ವರ್ಷ ಕೊಂಡ ಎಮ್ಮೆ, ಅಂಗಳದಲ್ಲಿ ಭೈರನೆಂಬ ನಾಯಿ, ಒಲೆಯ ಬುಡದಲ್ಲಿ ಹೆಸರಿಲ್ಲದ ಬೆಕ್ಕು, ಹಿತ್ತಿಲಿನಲ್ಲಿ ಬಸಳೆಯ ಚಪ್ಪರ, ತೊಂಡೆಯ ಬಳ್ಳಿ, ಅದರಾಚೆ ಇಳಿಜಾರಿನಲ್ಲಿ ಒಂದೂವರೆ ಎಕರೆ ಅಡಕೆಯ ತೋಟ. ಇಷ್ಟನ್ನೂ ಸಮೇತವಾಗಿ ಹೊರಡಿಸಿಕೊಂಡು ನಾನು ಹುಬ್ಬಳ್ಳಿಯ ಕಲ್ಯಾಣಮಂಟಪದ ಬಾಗಿಲಲ್ಲಿ ನಿಂತರೆ, ಪನ್ನೀರು ಚಿಮುಕಿಸಲು ನಿಂತ ಹುಡುಗಿಯ ಗತಿಯೇನಾದೀತೆಂದು ಊಹಿಸಿ ನಾನೊಬ್ಬನೇ ನಕ್ಕೆ.

ಪಟ್ಟಣದ ಬಂಧುಗಳು ಬೇಸಗೆಯ ರಜೆಯಲ್ಲಿ ಇಲ್ಲಿಗೆ ಬಂದು, ಮೂರು ದಿನ ಅಪ್ಪೆಮಿಡಿಯ ಉಪ್ಪಿನಕಾಯಿಯಲ್ಲಿ ಮೊಸರನ್ನ ಉಂಡು, ತೋಟದ ತಂಪಿನಲ್ಲಿ ನಿದ್ದೆ ಮಾಡಿ, ಹೊರಡುವಾಗ ‘ನಿಮ್ಮದೇ ಬದುಕು, ಯಾರ ಹಂಗೂ ಇಲ್ಲ’ ಎಂದು ನಿಟ್ಟುಸಿರಿಡುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ದೃಷ್ಟಿ ಕೊಟ್ಟಿಗೆಯ ಕಡೆಗೆ ಹೊರಳುತ್ತದೆ. ಅಲ್ಲಿ ಕಾಳಿಯ ಕೊರಳಿನಿಂದ ಗೂಟದವರೆಗೆ ಮೂರು ಮೊಳದ ಕಣ್ಣಿಯೊಂದಿದೆ. ನೋಡುವವರಿಗೆ ಅದರ ಒಂದು ತುದಿ ಕಾಳಿಯ ಕೊರಳಲ್ಲಿ, ಇನ್ನೊಂದು ಗೂಟದಲ್ಲಿ. ಆದರೆ ನಲವತ್ತು ವರ್ಷ ದನ ಕಟ್ಟಿದ ಅನುಭವದಿಂದ ಹೇಳುತ್ತೇನೆ, ಗೂಟವೆಂಬುದು ಕಣ್ಣಿಗೆ ಕಾಣುವ ನೆಪಮಾತ್ರ. ಆ ತುದಿ ಗೂಟವನ್ನು ದಾಟಿ, ಪಡಸಾಲೆಯನ್ನು ಹಾದು, ನಮ್ಮಿಬ್ಬರ ಕಾಲಿಗೆ ಬಂದು ಸುತ್ತಿಕೊಂಡಿದೆ. ನಮ್ಮ ಸಿದ್ದಾಪುರ ಸೀಮೆಯಲ್ಲಿ ಯಾವ ಮನೆಯವರೂ ಮದುವೆ ಮುಂಜಿಗಳಿಗೆ ‘ಬರುತ್ತೇವೆ’ ಎಂದು ಥಟ್ಟನೆ ಮಾತು ಕೊಡುವುದಿಲ್ಲ. ಮೊದಲು ಕೊಟ್ಟಿಗೆಯ ಕಡೆಗೊಮ್ಮೆ ನೋಡಿ, ಯಾವುದು ಗಬ್ಬ, ಯಾವುದು ಕರೆಯುತ್ತಿದೆ, ಯಾವುದಕ್ಕೆ ಕಾಲುನೋವು ಎಂದು ಲೆಕ್ಕ ಹಾಕಿ, ಆಮೇಲೆ ‘ನೋಡುವ’ ಎನ್ನುತ್ತಾರೆ.

ಕಾಳಿ ಮಲೆನಾಡ ಗಿಡ್ಡ ಜಾತಿಯವಳು. ಮೂರಡಿಗಿಂತ ಅಷ್ಟಾಗಿ ಎತ್ತರವಿಲ್ಲದ ಕಪ್ಪು ದೇಹ, ಹಿಡಿಯಲ್ಲಿ ಹಿಡಿಯಬಹುದಾದಂಥ ಗೊರಸು, ನೂರು ಅಂಗುಲಕ್ಕೆ ಕಡಮೆಯಿಲ್ಲದೆ ಸುರಿಯುವ ಮಳೆಯಲ್ಲಿ ಜಾರುವ ದರೆಯನ್ನು ಮೇಕೆಯಂತೆ ಹತ್ತುವ ಸಾಮರ್ಥ್ಯ, ಮತ್ತು ಎಂಥ ಬೇಲಿಯಲ್ಲಿಯೂ ತನ್ನ ಅಳತೆಯ ಕಂಡಿಯೊಂದನ್ನು ಕಂಡುಹಿಡಿಯುವ ಸೂಕ್ಷ್ಮಬುದ್ಧಿ, ಇವು ಆ ಕುಲದ ಲಕ್ಷಣಗಳು. ಹಾಲು ಮಾತ್ರ ಎರಡು ಹೊತ್ತೂ ಸೇರಿ ಎರಡು ಸೇರು ದಾಟಿದರೆ ಅಂದು ಹಬ್ಬ. ಅದನ್ನೂ ಆಕೆ ಸುಲಭವಾಗಿ ಕೊಡುವವಳಲ್ಲ. ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ಬೆಚ್ಚನೆಯ ಅಕ್ಕಚ್ಚಿನ ಬಕೆಟ್ಟು ಮುಂದೆ ಬರಬೇಕು. ಅದರಲ್ಲಿ ಅಕ್ಕಿ ತೊಳೆದ ನೀರು, ಬಾಳೆಯ ಸಿಪ್ಪೆ, ಒಂದು ಹಿಡಿ ಹಿಂಡಿ ಇವೆಲ್ಲ ಇವೆಯೇ ಎಂದು ಮೂತಿ ಅದ್ದಿ ಪರೀಕ್ಷಿಸಬೇಕು. ಕರುವನ್ನು ಬಿಟ್ಟು ಅದು ನಾಲ್ಕು ಗುಟುಕು ಎಳೆಯಬೇಕು. ಆಮೇಲೆಯೇ ತೊರೆ ಬಿಡುವುದು. ತಂಬಿಗೆಯನ್ನು ಮೊಣಕಾಲುಗಳ ನಡುವೆ ಇರಿಸಿಕೊಂಡು ಕುಕ್ಕರಗಾಲಿನಲ್ಲಿ ಕುಳಿತಾಗ ಮೊದಲ ಧಾರೆ ಬರಿಯ ತಳಕ್ಕೆ ಬಿದ್ದು ‘ಚಿಣ್’ ಎಂದು ತೆಳ್ಳಗೆ ಮಿಡಿಯುತ್ತದೆ. ಹಾಲು ಏರಿದಂತೆ ಆ ಧ್ವನಿ ದಪ್ಪವಾಗುತ್ತ, ತಗ್ಗುತ್ತ, ಕೊನೆಗೆ ನೊರೆಯೊಳಗೆ ಮುಳುಗಿ ‘ಜೊರ್ರ್’ ಎಂಬ ಗೊರಕೆಯಾಗುತ್ತದೆ. ಅಡಿಗೆಮನೆಯಲ್ಲಿ ಒಲೆ ಊದುತ್ತಿರುವ ನನ್ನಾಕೆ ಕತ್ತಲಿನಲ್ಲಿ ಈ ಧ್ವನಿಯನ್ನೇ ಆಲಿಸಿ ಅಂದಿನ ಕಾಫಿ ಗಟ್ಟಿಯೋ ನೀರೋ ಎಂಬುದನ್ನು ನಿರ್ಣಯಿಸಿಬಿಡುತ್ತಾಳೆ. ತಂಬಿಗೆ ಒಳಗೆ ಬರುವ ಮೊದಲೇ ನೀರಿನ ಪ್ರಮಾಣ ಪಾತ್ರೆಗೆ ಬಿದ್ದಿರುತ್ತದೆ.

ಎರಡು ಸೇರು ಹಾಲಿಗೋಸ್ಕರ ಇಷ್ಟು ಉಪಚಾರವೇಕೆಂದು ಕೇಳುವವರಿಗೆ ತೋಟಿಗರ ಅರ್ಥಶಾಸ್ತ್ರ ತಿಳಿದಿಲ್ಲ. ನಾವು ದನ ಕಟ್ಟುವುದು ಹಾಲಿಗಿಂತ ಹೆಚ್ಚಾಗಿ ಸಗಣಿಗೆ. ಬೆಟ್ಟದ ಸೊಪ್ಪು ಮಳೆಗಾಲದಲ್ಲಿ, ಉದುರಿದ ದರಕು ಬೇಸಗೆಯಲ್ಲಿ ಕೊಟ್ಟಿಗೆಯ ಹಾಸಾಗಿ, ದನದ ಕಾಲಡಿಯಲ್ಲಿ ತುಳಿಸಿಕೊಂಡು, ಸಗಣಿ ಗಂಜಲಗಳಲ್ಲಿ ನೆಂದು, ಗೊಬ್ಬರಗುಂಡಿಯಲ್ಲಿ ಕೊಳೆತು, ಕಪ್ಪಾಗಿ ಬಿಸಿಯಾಗಿ, ಕೊನೆಗೆ ಹೆಡಿಗೆಯಲ್ಲಿ ತಲೆಯೇರಿ ಅಡಕೆಯ ಬುಡಕ್ಕೆ ಹೋಗುತ್ತದೆ. ಒಂದು ಎಕರೆ ತೋಟ ಬದುಕಲು ಎಷ್ಟು ಕಾಡಿನ ಸೊಪ್ಪು ಬೇಕೆಂಬುದನ್ನು ಆಂಗ್ಲರ ಕಾಲದ ಅರಣ್ಯಾಧಿಕಾರಿಗಳೂ ಒಪ್ಪಿಕೊಂಡೇ ಘಟ್ಟದ ಮೇಲಿನ ನಮ್ಮ ತಾಲೂಕುಗಳಲ್ಲಿ ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯಂತೆ ಸೊಪ್ಪಿನಬೆಟ್ಟವನ್ನು ಬಿಟ್ಟುಕೊಟ್ಟರು. ಹೀಗೆ ಬೆಟ್ಟ ಕೊಟ್ಟಿಗೆಗೆ ಇಳಿಯುತ್ತದೆ, ಕೊಟ್ಟಿಗೆ ತೋಟಕ್ಕೆ ಇಳಿಯುತ್ತದೆ. ತೋಟದ ಅಡಕೆ ಪೇಟೆಗೆ ಇಳಿದು, ಮಗಳ ಮದುವೆಯ ಸೀರೆಯಾಗಿಯೋ ಮಗನ ಶಾಲೆಯ ಫೀಸಾಗಿಯೋ ಮನೆಗೆ ಏರಿಬರುತ್ತದೆ. ಈ ಏರಿಳಿತಗಳ ಮಧ್ಯದಲ್ಲಿ, ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತ ಮಲಗಿರುವ ಕಪ್ಪು ಪ್ರಾಣಿಗೆ ತಾನು ಇಡೀ ಯಂತ್ರದ ಅಚ್ಚುಗಡಾಣಿಯೆಂಬ ಅರಿವಿಲ್ಲವೆಂದು ನಾನು ಪ್ರಮಾಣ ಮಾಡಲಾರೆ; ಅವಳ ಗತ್ತನ್ನು ನೋಡಿದರೆ ಇದೆಯೆಂದೇ ತೋರುತ್ತದೆ.

ಬೇಲಿ ಕಳವುಗಳ ಮಾತಿಗೆ ಬರುವ ಮೊದಲು, ಕಳವಿನಿಂದಲೇ ಹುಟ್ಟಿದ ಉಪಕಾರವೊಂದನ್ನು ಸ್ಮರಿಸದಿದ್ದರೆ ನಾನು ಕೃತಘ್ನನಾಗುತ್ತೇನೆ. ಆಷಾಢದ ಮಳೆ ಹಿಡಿಯಿತೆಂದರೆ ಅಡಕೆಯ ಗೊನೆಗಳಿಗೆ ಕೊಳೆರೋಗ ಬಂದು, ಎಳೆಗಾಯಿಗಳು ರಾತ್ರೋರಾತ್ರಿ ಉದುರಿ, ಬೆಳಗಾಗುವಾಗ ಮರದ ಬುಡ ಹಸುರಾಗಿರುತ್ತಿತ್ತು. ನಮ್ಮ ಹಿರಿಯರು ಕರಡದ ಕೊಟ್ಟೆ ಕಟ್ಟಿ ಗೊನೆಗಳನ್ನು ಮಳೆಯಿಂದ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಅದರ ಮೇಲೆ ಗ್ರಂಥವನ್ನೇ ಬರೆದನು. ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಏರಿದ್ದು ಆ ಕಾಲದಿಂದ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುನ್ನ ಒಂದು ಸಲ, ನಲವತ್ತು ದಿನಗಳ ಮೇಲೆ ಇನ್ನೊಂದು ಸಲ. ಇದು ಇಲ್ಲಿಯ ಮಕ್ಕಳಿಗೂ ಮಗ್ಗಿಯಷ್ಟು ಬಾಯಿಪಾಠ. ಈ ನೀಲಿಯ ಔಷಧಿ ಮೊದಲು ಔಷಧಿಯೇ ಆಗಿರಲಿಲ್ಲವೆಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಫ್ರಾನ್ಸಿನ ದ್ರಾಕ್ಷಿತೋಟಗಳವರು ದಾರಿಹೋಕರು ಹಣ್ಣು ಕದಿಯಬಾರದೆಂದು ರಸ್ತೆಯಂಚಿನ ಬಳ್ಳಿಗಳಿಗೆ ಇದನ್ನು ಬಳಿದು ಅಸಹ್ಯವಾಗಿ ಕಾಣುವಂತೆ ಮಾಡುತ್ತಿದ್ದರು. ಬಳಿದ ಬಳ್ಳಿಗಳಿಗೆ ಮಾತ್ರ ರೋಗ ತಗಲಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಪಂಡಿತನು ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದನು. ಕಳ್ಳರಿಗೆಂದು ಹಾಕಿದ ಬೇಲಿ ಬೆಳೆಗೆ ಔಷಧಿಯಾಯಿತು. ನಾನು ಹಾಕಿದ ಬೇಲಿಗಳಿಗೆ ಅಂಥ ಭಾಗ್ಯ ಎಂದೂ ಒದಗಲಿಲ್ಲ. ಅವು ಬೇಲಿಯ ಕೆಲಸವನ್ನೇ ನೆಟ್ಟಗೆ ಮಾಡಲಿಲ್ಲ.

ನನ್ನಾಕೆಗೆ ಡೇರೆ ಹೂವಿನ ಹುಚ್ಚು. ಈ ಹುಚ್ಚು ಅವಳೊಬ್ಬಳದಲ್ಲ. ಮಳೆಗಾಲ ಬಂತೆಂದರೆ ನಮ್ಮ ಕಡೆಯ ಹೆಂಗಸರ ಸಮಸ್ತ ಲೋಕವ್ಯವಹಾರವೂ ಡೇರೆಯ ಮೂಲಕವೇ ನಡೆಯುತ್ತದೆ. ಯಾರ ಮನೆಯ ಅಂಗಳದಲ್ಲಿ ಯಾವ ಬಣ್ಣ ಅರಳಿದೆ, ಯಾರು ಕೇಳಿದರೂ ಗೆಡ್ಡೆ ಕೊಡದೆ ಮುಚ್ಚಿಟ್ಟರು, ಯಾರು ಕೆಂಪೆಂದು ಹೇಳಿ ಕೊಟ್ಟದ್ದು ಅರಳಿದಾಗ ನಸುಗೆಂಪಾಯಿತು, ಇವೆಲ್ಲ ನೆನಪಿನ ಖಾತೆಯಲ್ಲಿ ಬರೆದಿರುತ್ತವೆ. ಸಾಲ ಕೊಟ್ಟ ಹಣ ಮರೆತಾರು, ಕೊಟ್ಟ ಗೆಡ್ಡೆಯನ್ನು ಮರೆಯರು. ಈ ಹೂವು ಇಷ್ಟು ನಮ್ಮದಾಗಿ ಹೋಗಿರುವಾಗ, ಇದರ ತವರು ಮೆಕ್ಸಿಕೋ ಎಂದೂ, ಅಲ್ಲಿಂದ 1789ರಲ್ಲಿ ಸ್ಪೇನಿನ ರಾಜೋದ್ಯಾನಕ್ಕೆ ಬಂದ ಸಸ್ಯಕ್ಕೆ ಎರಡು ವರ್ಷಗಳ ಮೇಲೆ ಸ್ವೀಡನ್ನಿನ ಡಾಲ್ ಎಂಬ ಸಸ್ಯಶಾಸ್ತ್ರಜ್ಞನ ನೆನಪಿಗೆ ಹೆಸರಿಟ್ಟರೆಂದೂ, ಆ ಡೇಲಿಯವೇ ನಮ್ಮ ಬಾಯಲ್ಲಿ ಉರುಳಿ ಡೇರೆಯಾಯಿತೆಂದೂ ನಾನು ಒಮ್ಮೆ ಊಟದ ಹೊತ್ತಿನಲ್ಲಿ ವಿವರಿಸಿದೆ. ಆಕೆ ಸಾವಧಾನವಾಗಿ ಕೇಳಿ, ಸಾರು ಬಡಿಸುತ್ತ, “ಯಾರದೇ ಇರಲಿ, ಈ ಬಿಳಿಯದಂತೂ ಮೇಲಿನಮನೆ ಅತ್ತಿಗೆಯದು” ಎಂದಳು. ಅವಳ ಸಸ್ಯಶಾಸ್ತ್ರದಲ್ಲಿ ಗಿಡದ ಮೂಲವೆಂದರೆ ಕೊಟ್ಟವರ ಮನೆ.

ಈ ವರ್ಷ ಅಂಗಳದಂಚಿನಲ್ಲಿ ಮೂವತ್ತೆರಡು ಗಿಡ. ಜ್ಯೇಷ್ಠದಲ್ಲಿ ಗೆಡ್ಡೆ ಊರಿ, ಬಿದಿರಿನ ಆಧಾರ ಕಟ್ಟಿ, ಬಸವನ ಹುಳುಗಳನ್ನು ಲಾಂದ್ರದ ಬೆಳಕಿನಲ್ಲಿ ಆರಿಸಿ ತೆಗೆದು, ಸುರಿಯುವ ಮಳೆಯಲ್ಲಿ ಕಂಬಳಿಯ ಕೊಪ್ಪೆ ಹೊದ್ದು, ಕಾಲಿಗೆ ಹತ್ತಿದ ಇಂಬಳಗಳನ್ನು ಸುಣ್ಣ ಮುಟ್ಟಿಸಿ ಕಿತ್ತೆಸೆಯುತ್ತ ಆಕೆ ಅವುಗಳನ್ನು ಸಾಕಿದಳು. ಭಾದ್ರಪದದಲ್ಲಿ ಮೊಗ್ಗುಗಳು ಗೋಲಿಯಷ್ಟಾದವು. ಚೌತಿಯ ಹಬ್ಬಕ್ಕೆ ಸರಿಯಾಗಿ ಅರಳುವಂತಿದ್ದವು. ಹಬ್ಬಕ್ಕೆ ಎರಡು ದಿನವಿರುವಾಗ, ಬೆಳಗಿನ ಜಾವ, ಅಂಗಳದಿಂದ ಒಂದು ಧ್ವನಿ ಕೇಳಿಸಿತು. ಅದು ಕೂಗಲ್ಲ, ಕೂಗಾಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

“ಬನ್ನಿ, ನಿಮ್ಮ ಕಾಳಿ ಮಾಡಿದ ಉಪಕಾರ ನೋಡಿ.”

ಕಾಳಿ ಹಾಲು ಕೊಡುವಾಗ ‘ನಮ್ಮ ಕಾಳಿ’, ಕರು ಹಾಕಿದಾಗ ‘ನನ್ನ ಕಾಳಿ’; ‘ನಿಮ್ಮ ಕಾಳಿ’ಯಾದಳೆಂದರೆ ಏನೋ ಕೆಟ್ಟಿದೆಯೆಂದೇ ಅರ್ಥ. ಹೋಗಿ ನೋಡಿದೆ. ಮೂವತ್ತೆರಡು ಗಿಡಗಳಲ್ಲಿ ಉಳಿದವು ಐದು. ಮಿಕ್ಕವು ಮೊಳಕಾಲೆತ್ತರಕ್ಕೆ, ಕತ್ತರಿಯಿಂದ ಸಮ ಮಾಡಿದಂತೆ ನಿಂತಿದ್ದವು; ಬಿದಿರಿನ ಆಧಾರಗಳು ಮಾತ್ರ, ಯುದ್ಧಾನಂತರ ನೆಟ್ಟ ಈಟಿಗಳಂತೆ, ಮೊದಲಿನ ಎತ್ತರವನ್ನು ಸಾರುತ್ತಿದ್ದವು. ಒದ್ದೆ ಮಣ್ಣಿನಲ್ಲಿ ಸಣ್ಣ ಗೊರಸಿನ ಗುರುತುಗಳು ಒಂದು ಗಿಡದಿಂದ ಇನ್ನೊಂದಕ್ಕೆ, ಪಂಕ್ತಿಯಲ್ಲಿ ಬಡಿಸುವವರ ಹೆಜ್ಜೆಯಂತೆ, ಕ್ರಮ ತಪ್ಪದೆ ಸಾಗಿದ್ದವು. ಕಾಳಿ ಅಲ್ಲಿಂದ ಹತ್ತು ಮಾರು ದೂರದಲ್ಲಿ, ಹುಲ್ಲಿನ ಗೊಣಬೆಗೆ ಒರಗಿ, ಬಾಯಂಚಿನಲ್ಲಿ ನಸುಗೆಂಪು ದಳವೊಂದನ್ನು ಅಂಟಿಸಿಕೊಂಡು, ಪ್ರಪಂಚದ ಯಾವ ವಿಷಯದಲ್ಲಿಯೂ ತನಗೆ ತಕರಾರಿಲ್ಲವೆಂಬಂತೆ ಮೆಲುಕು ಹಾಕುತ್ತಿದ್ದಳು. ಭೈರನು ಅವಳ ಬೆನ್ನಿಗೆ ಬೆಚ್ಚಗೆ ಸುತ್ತಿಕೊಂಡು ಮಲಗಿದ್ದನು. ಪರಕೀಯರನ್ನು ಕಂಡರೆ ಬೊಗಳಬೇಕೆಂಬ ಪಾಠವನ್ನು ಆತನು ಅಕ್ಷರಶಃ ಪಾಲಿಸುವವನು, ಮನೆಯವರ ಕಳವು ಆತನ ಅಧಿಕಾರವ್ಯಾಪ್ತಿಗೆ ಬರುವುದಿಲ್ಲ.

“ತುಡುಗು ದನವನ್ನು ಕೊಂಡವಾಡಿಗೆ ಅಟ್ಟಿ ಬನ್ನಿ” ಎಂದಳು ನನ್ನಾಕೆ. ಕಂಡವರ ಬೆಳೆ ಮೇಯ್ದ ದನಗಳನ್ನು ಹಿಡಿದು ಕೂಡಿಹಾಕುವ ದೊಡ್ಡಿಗೆ ನಮ್ಮ ಮುಂಬಯಿ ಪ್ರಾಂತದ ಕಾಲದ ಹೆಸರು ಕೊಂಡವಾಡಿ. ಆಂಗ್ಲರು 1871ರಲ್ಲಿ ಮಾಡಿದ ಕಾಯಿದೆಯ ಪ್ರಕಾರ, ಹಾಗೆ ಹೋದ ದನವನ್ನು ಒಡೆಯನು ದಂಡ ಕೊಟ್ಟು, ಮೇವಿನ ಖರ್ಚು ತೆತ್ತು ಬಿಡಿಸಿಕೊಂಡು ಬರಬೇಕಾಗಿತ್ತು. ಆದರೆ ಮೇಯ್ದ ಬೆಳೆಯ ಒಡತಿಯೂ ಮೇಯ್ದ ದನದ ಒಡತಿಯೂ ಒಬ್ಬಳೇ ಆದಾಗ ದೂರು ಯಾರದು, ದಂಡ ಯಾರಿಗೆ ಎಂಬ ಧರ್ಮಸೂಕ್ಷ್ಮಕ್ಕೆ ಆ ಕಾಯಿದೆಯಲ್ಲಿ ಪರಿಹಾರವಿಲ್ಲ. ನಾನು ಬೇಲಿಯನ್ನು ದೂಷಿಸಿದೆ. ಲಕ್ಕಿಯ ಗೂಟಗಳು ಮಳೆಗೆ ಸಡಿಲಾಗಿವೆಯೆಂದೆ, ದಣಪೆಯ ಗಳು ಜಾರಿದೆಯೆಂದೆ. ಆಕೆ ಏನೂ ಆಡಲಿಲ್ಲ. ಸಂಜೆ ಕೊಟ್ಟಿಗೆಯಲ್ಲಿ ಲಾಂದ್ರ ಹಿಡಿದು ನೋಡಿದಾಗ ಗೂಟದಲ್ಲಿ ಕಣ್ಣಿಯ ಅರ್ಧ ನೇತಾಡುತ್ತಿತ್ತು. ತುದಿ ಎಳೆಎಳೆಯಾಗಿ ಸವೆದು ಕಡಿದಿತ್ತು. ಹೊಸದು ಹೊಸೆಯಬೇಕೆಂದು ನಾನು ಯುಗಾದಿಯಿಂದಲೂ ಹೇಳುತ್ತ ಬಂದಿದ್ದೆನಷ್ಟೆ. ಆ ತುಂಡನ್ನು ಮೆಲ್ಲನೆ ಬಿಚ್ಚಿ ಗೊಬ್ಬರಗುಂಡಿಗೆ ಎಸೆದು, ಹಳೆಯ ಬಾವಿಹಗ್ಗದ ಚೂರೊಂದನ್ನು ಗಂಟುಹಾಕಿ ಕಾಳಿಯನ್ನು ಕಟ್ಟಿದೆ. ಬೇಲಿಯ ಮೇಲಿನ ಆರೋಪವನ್ನು ಮಾತ್ರ ಹಿಂದೆಗೆದುಕೊಳ್ಳಲಿಲ್ಲ.

ಬೇಲಿಯ ಒಳಗಿನ ಕಳ್ಳರ ಕಥೆ ಹೀಗಾದರೆ, ಹೊರಗಿನ ಕಳ್ಳರದು ಬೇರೆ. ಮಂಗಗಳು ಸಿಂಗಾರವನ್ನು ಕೀಳುತ್ತವೆ, ಎಳೆಯಡಕೆಯನ್ನು ಚೀಪಿ ಉಗುಳುತ್ತವೆ, ಬಾಳೆಯ ಗೊನೆಯನ್ನು ನಾವು ನಾಳೆ ಕಡಿಯಬೇಕೆಂದಿರುವಾಗ ಇಂದೇ ಮುಗಿಸುತ್ತವೆ. ಅವುಗಳನ್ನು ಶಪಿಸುವುದರಲ್ಲಿ ನಮ್ಮೂರಿನವರು ಬಹುಕಾಲ ಏಕಮತದವರಾಗಿದ್ದರು. ಆದರೆ 1957ರಲ್ಲಿ, ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿ, ಅದರ ಬೆನ್ನಿಗೇ ಸೊಪ್ಪು ಸೌದೆಗೆಂದು ಕಾಡಿಗೆ ಹೋದ ಮನುಷ್ಯರು ಜ್ವರದಿಂದ ಮಲಗಿದ ಮೇಲೆ, ನಮ್ಮ ಬೈಗಳು ಗಂಟಲಲ್ಲೇ ನಿಂತಿತು. ಉಣುಗಿನ ಕಡಿತದಿಂದ ಹರಡುವ ಆ ಕಾಯಿಲೆಗೆ ಮಂಗನ ಹೆಸರೇ ಬಂತು; ಮಂಗವಾದರೋ ಅದಕ್ಕೆ ನಮಗಿಂತ ಮೊದಲು ಬಲಿಯಾದ ಪ್ರಾಣಿ. ಅಂದಿನಿಂದ, ಚಳಿ ಕಳೆದು ದರಕು ಉದುರುವ ದಿನಗಳಲ್ಲಿ, ತೋಟದ ಮೇಲಂಚಿನಿಂದ ‘ಹೂಪ್’ ಎಂಬ ಮುಸಿಯನ ಕೂಗು ಕೇಳಿಸದಿದ್ದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಕೇಳಿಸಿದರೆ ಕೋಲು ಹಿಡಿದು ಓಡುತ್ತೇನೆ. ಆದರೆ ಓಡುವಾಗ ‘ಸದ್ಯ, ಗಟ್ಟಿಯಾಗಿದ್ದಾವೆ’ ಎಂದು ಒಳಗೊಳಗೆ ಸಮಾಧಾನ. ಕಳ್ಳನ ಆರೋಗ್ಯವನ್ನು ಹಾರೈಸುತ್ತ ಕಳ್ಳನನ್ನು ಅಟ್ಟುವ ಈ ವಿಚಿತ್ರ ಮನಃಸ್ಥಿತಿ ಕಾಡಿನಂಚಿನ ಒಕ್ಕಲಿಗರಿಗಲ್ಲದೆ ಬೇರೆಯವರಿಗೆ ಅರ್ಥವಾಗಲಾರದು.

ಇಷ್ಟೆಲ್ಲ ಕಾಟವಿಲ್ಲದ ಕಾಲವೂ ನಮಗೊಂದು ಬಂದಿತ್ತು. ಕಾಳಿಗಿಂತ ಮೊದಲು ಇದ್ದ ಗಂಗೆಯೆಂಬ ಮುದಿ ಹಸು ಒಂದು ಮಾಘಮಾಸದಲ್ಲಿ, ತನಗೂ ನಮಗೂ ಹೆಚ್ಚು ತೊಂದರೆ ಕೊಡದೆ, ತೀರಿಕೊಂಡಿತು. ಇನ್ನು ವಯಸ್ಸಾಯಿತು, ದನ ಕಟ್ಟುವುದು ಬೇಡ, ಗೊಬ್ಬರವನ್ನು ಕೊಂಡರಾಯಿತು, ಹಾಲನ್ನು ನೆರೆಮನೆಯಿಂದ ತಂದರಾಯಿತು ಎಂದು ನಿಶ್ಚಯಿಸಿದೆವು. ಮೊದಲ ವಾರವೇ ನಾವಿಬ್ಬರೂ ಕುಳಿತು, ನಲವತ್ತು ವರ್ಷಗಳಿಂದ ಹೋಗದೆ ಉಳಿದ ಸ್ಥಳಗಳ ಪಟ್ಟಿಯನ್ನು ಮಾಡಿದೆವು. ಕಾಶಿ, ರಾಮೇಶ್ವರಗಳಿಂದ ಆರಂಭಿಸಿ, ಗೋಕರ್ಣಕ್ಕೆ ಇಳಿದು, ಕಡೆಗೆ ಇಲ್ಲಿಂದ ಹತ್ತು ಹನ್ನೆರಡು ಮೈಲಿಯಲ್ಲಿರುವ ಜೋಗದವರೆಗೆ ಅದು ಬೆಳೆಯಿತು. ಜಗತ್ತಿನ ಜನ ಬಂದು ನೋಡಿಹೋಗುವ ಆ ಜಲಪಾತವನ್ನು ತುಂಬಿದ ಮಳೆಗಾಲದಲ್ಲಿ ನಾವಿಬ್ಬರೂ ಜತೆಯಾಗಿ ನೋಡಿದವರಲ್ಲ. ಆ ವರ್ಷ ಮಳೆ ಚೆನ್ನಾಗಿ ಬಂತು, ಜೋಗ ತುಂಬಿತು, ಬಸ್ಸುಗಳು ಎಂದಿನಂತೆ ಓಡಿದವು. ನಾವು ಎಲ್ಲಿಗೂ ಹೋಗಲಿಲ್ಲ. ಬೆಳಗಿನ ಜಾವ ಐದಕ್ಕೆ ಎಚ್ಚರವಾಗುತ್ತಿತ್ತು. ಎದ್ದು ಮಾಡಬೇಕಾದ್ದು ಏನೂ ಇರುತ್ತಿರಲಿಲ್ಲ. ಆಕೆ ಅಕ್ಕಿ ತೊಳೆದ ನೀರನ್ನು ಅಭ್ಯಾಸಬಲದಿಂದ ಬಕೆಟ್ಟಿಗೆ ಸುರಿದು, ಆಮೇಲೆ ನೆನಪಾಗಿ ಬಾಳೆಯ ಬುಡಕ್ಕೆ ಚೆಲ್ಲುತ್ತಿದ್ದಳು. ಹಲಸಿನ ಹಣ್ಣು ಕೊಯ್ದಾಗ ಸಿಪ್ಪೆಯ ರಾಶಿಯ ಮುಂದೆ ಇಬ್ಬರೂ ಒಂದು ಗಳಿಗೆ ಸುಮ್ಮನೆ ನಿಂತೆವು. ಬಿಡುವೆಂಬುದು ಕೆಲಸಗಳ ನಡುವೆ ಇದ್ದಾಗ ಮಾತ್ರ ಬಿಡುವಾಗಿರುತ್ತದೆಯೆಂಬುದು ನನಗೆ ಆ ವರ್ಷ ತಿಳಿಯಿತು. ಕಾರ್ತಿಕದಲ್ಲಿ ಕೆಳಗಿನೂರಿನವರೊಬ್ಬರು ವರ್ಷದ ಕಪ್ಪು ಕಡಸೊಂದನ್ನು ಅಟ್ಟಿಕೊಂಡು ಬಂದು, “ಭಾವಯ್ಯ, ಮೇವಿಗೆ ಕಷ್ಟ, ನಿಮ್ಮಲ್ಲಿ ಇರಲಿ” ಎಂದಾಗ ನಾನು ಮನೆಯೊಳಗೆ ಕೇಳಿ ಬರುತ್ತೇನೆಂದು ತಿರುಗಿದೆ. ಅಷ್ಟರಲ್ಲಿ ಆಕೆ ಅಕ್ಕಚ್ಚಿನ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಇಂದು ದೀಪಾವಳಿಗೆ ಮೂರು ದಿನ. ಪಾಡ್ಯದ ಬೆಳಗ್ಗೆ ದನಗಳ ಮೈ ತೊಳೆದು, ಜೇಡಿ ಕೆಮ್ಮಣ್ಣುಗಳನ್ನು ಕಲಸಿ, ಲೋಟದ ಬಾಯಿಯನ್ನು ಅದ್ದಿ ಮೈತುಂಬ ಬಳೆಯಂಥ ವೃತ್ತಗಳನ್ನು ಒತ್ತಿ, ಅಡಕೆ, ವೀಳ್ಯದೆಲೆ, ಚೆಂಡುಹೂಗಳ ಹಾರ ಹಾಕಿ ಪೂಜಿಸಬೇಕು; ಆ ದಿನ ನಮ್ಮ ಮನೆಯಲ್ಲಿ ದನಗಳಿಗೆ ಹೊಸ ಕಣ್ಣಿ ಕಟ್ಟುವ ಪದ್ಧತಿ. ಅದಕ್ಕೆಂದು ಮಧ್ಯಾಹ್ನ ಪುಂಡಿನಾರನ್ನು ನೆನೆಸಿಟ್ಟು ಅಂಗಳದಲ್ಲಿ ಹೊಸೆಯಲು ಕುಳಿತೆ. ಒಂದೊಂದು ಎಳೆಯನ್ನು ಒಬ್ಬನೇ ತೊಡೆಯ ಮೇಲೆ ಹೊಸೆಯಬಹುದು. ಮೂರನ್ನು ಕೂಡಿಸಿ ಹುರಿ ಹಾಕುವಾಗ ಮಾತ್ರ ಒಬ್ಬನಿಂದ ಆಗುವುದಿಲ್ಲ. ಒಬ್ಬರು ಒಂದು ತುದಿಯನ್ನು ಅಲುಗದೆ ಹಿಡಿಯಬೇಕು, ಇನ್ನೊಬ್ಬರು ಎಳೆದು ತಿರುವಬೇಕು. ಇಬ್ಬರಲ್ಲಿ ಯಾರು ಸಡಿಲಬಿಟ್ಟರೂ ಹಗ್ಗ ಕುರುಳಾಗಿ ಸುತ್ತಿಕೊಳ್ಳುತ್ತದೆ. ಆಕೆ ಬಂದು ತುದಿ ಹಿಡಿದು ನಿಂತಳು. ತುಂಬು ಗಬ್ಬದ ಕಾಳಿ ಕೊಟ್ಟಿಗೆಯ ಬಾಗಿಲಿನಿಂದ ಮುಖ ಹೊರಚಾಚಿ, ಬಾವಿಹಗ್ಗದ ಚೂರಿನ ಅಳತೆಯೊಳಗೆ ನಿಂತು, ನಮ್ಮಿಬ್ಬರನ್ನೂ ಪರಾಮರ್ಶಿಸುತ್ತಿದ್ದಳು.

“ಈ ಸಲವಾದರೂ ಗಟ್ಟಿಯಾಗಿ ಹೊಸೆಯಿರಿ” ಎಂದಳು ನನ್ನಾಕೆ, ಹಗ್ಗದಿಂದ ಕಣ್ಣು ತೆಗೆಯದೆ. “ಗೊಬ್ಬರಗುಂಡಿ ಕೆದಕುವಾಗ ಹಳೆಯ ತುಂಡು ಸಿಕ್ಕಿತ್ತು. ಡೇರೆಯ ಗೆಡ್ಡೆಗಳನ್ನು ಅಟ್ಟದ ಮೇಲೆ ಇಟ್ಟಿದ್ದೇನೆ, ಮೂವತ್ತೆರಡೂ ಇವೆ.”

ನಾನು ಮಾತಾಡದೆ ಇನ್ನೆರಡು ಸುತ್ತು ಹೆಚ್ಚಾಗಿಯೇ ತಿರುವಿದೆ.

ಕಾಳಿ ಕರು ಹಾಕುವುದು ಮಾರ್ಗಶಿರದ ಮೊದಲ ವಾರ. ಹುಬ್ಬಳ್ಳಿಯ ಮದುವೆಯೂ ಅದೇ ವಾರ. ಯಾರು ಹೋಗುವುದು, ಯಾರು ಉಳಿಯುವುದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಇಬ್ಬರಿಗೂ ಉಳಿಯುವುದೇ ಇಷ್ಟವಿದ್ದಂತಿದೆ. ಆದರೂ ಸೋದರಳಿಯನಿಗೆ ಉತ್ತರ ಬರೆಯದಿರುವುದು ಮರ್ಯಾದೆಯಲ್ಲವೆಂದು ರಾತ್ರಿ ಕಾರ್ಡೊಂದನ್ನು ತೆಗೆದು, ‘ಒಬ್ಬರು ಖಂಡಿತ ಬರುತ್ತೇವೆ’ ಎಂದು ಬರೆದೆ. ವ್ಯಾಕರಣ ತಪ್ಪಿರಬಹುದು, ಸಂಗತಿ ಇರುವುದು ಹಾಗೆಯೇ.